ತಾರೀಖು ಸಿಕ್ಕಿತು, ದಾವೆ ತೀರಲಿಲ್ಲ

(ಅಮೇರಿಕೆ–ಚೀನಗಳ ನಡುವಿನ ತಾತ್ಕಾಲಿಕ ಜಕಾತಿ ಇಳಿತವನ್ನು ಕುರಿತು, ಶಿಕ್ಷಕರ ಹಾಗೂ ನಾಗರಿಕರ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಜಗತ್ತಿನ ಎರಡು ಅತಿ ದೊಡ್ಡ ವ್ಯಾಪಾರೀ ರಾಷ್ಟ್ರಗಳು 2025ನೆಯ ಇಸವಿಯಲ್ಲಿ ತಮ್ಮೊಳಗೆ ಹೂಡಿದ ಜಕಾತಿಯ ಜಗಳವನ್ನೂ, ಮಾತುಕತೆಗಳು ನಡೆದಿರುವಾಗ ಅವು ಮಾಡಿಕೊಂಡ ತಾತ್ಕಾಲಿಕ ಇಳಿತವನ್ನೂ ಕುರಿತು ನಾಲ್ಕು ಮಾತು ಆಡಬೇಕೆಂದು ತಾವು ನನಗೆ ಅಪ್ಪಣೆ ಮಾಡಿರುವಿರಿ. ನಾನು ಅರ್ಥಶಾಸ್ತ್ರಜ್ಞನಲ್ಲ, ಕೋರ್ಟಿನ ಕಟ್ಟೆಯ ಮೇಲೆ ದಿನಗಳೆಯುವ ವಕೀಲ. ಆದದ್ದರಿಂದ ನನಗೆ ಪರಿಚಯವಿರುವ ದಾರಿಯಿಂದಲೇ ಈ ವಿಷಯವನ್ನು ಪ್ರವೇಶಿಸುವೆನು.

ನಾನು ವಕೀಲಿಗೆ ತೊಡಗಿದ ಮೊದಲಿನ ವರುಷಗಳಲ್ಲಿ ಹಿರಿಯ ರೈತರೊಬ್ಬರು ನನ್ನ ಕಕ್ಷಿಗಾರರಾಗಿದ್ದರು. ಸಾಲದ ಡಿಕ್ರಿಯಾಗಿ ಅವರ ಹೊಲದ ಮೇಲೆ ಜಪ್ತಿ ಬರುವದರಲ್ಲಿತ್ತು. ನಾನು ಅರ್ಜಿ ಕೊಟ್ಟೆನು. ನ್ಯಾಯಾಧೀಶರು ಮೂರು ತಿಂಗಳ ಮಟ್ಟಿಗೆ ಜಪ್ತಿಯನ್ನು ತಡೆದರು. ಮರುದಿನ ಮುಂಜಾನೆ ಆ ಹಿರಿಯರು ಪೇಢೆಯ ಪೊಟ್ಟಣ ಹಿಡಿದುಕೊಂಡು ನನ್ನ ಮನೆಯ ಬಾಗಿಲಿಗೆ ಬಂದರು. “ಗೆದ್ದೀವಲ್ಲರೀ ವಕೀಲರ!” ಎಂದರು. “ಗೌಡರ, ಗೆದ್ದಿಲ್ಲರಿ. ತಾರೀಖು ಸಿಕ್ಕದ, ಅಷ್ಟ,” ಎಂದು ನಾನೆಂದೆನು. ಅವರು ನಕ್ಕು ನನ್ನ ಕೈಯಲ್ಲಿ ಪೇಢೆ ಇಟ್ಟರು. ಆ ಹೊಲದ ಗತಿ ಏನಾಯಿತೆಂಬದನ್ನು ಕಡೆಗೆ ಹೇಳುವೆನು. ಸದ್ಯಕ್ಕೆ ಇಷ್ಟು ಸಾಕು: ದಾವೆಯಲ್ಲಿ ಗೆಲ್ಲುವದು ಬೇರೆ, ರಾಜಿಯಾಗುವದು ಬೇರೆ, ತಾರೀಖು ಸಿಗುವದು ಬೇರೆ. ಈ ಮೂರನ್ನೂ ಒಂದೇ ಎಂದು ತಿಳಿಯುವದರಿಂದ ಆಗುವ ಹಾನಿ ಒಂದು ಮನೆತನಕ್ಕಷ್ಟೇ ಅಲ್ಲ, ರಾಷ್ಟ್ರಗಳಿಗೂ ಆಗುವದುಂಟು.

ಜಗಳ ಏರಿದ ಬಗೆ

ಜಕಾತಿಯೆಂದರೆ ಪರದೇಶದಿಂದ ಬಂದ ಮಾಲು ಗಡಿ ದಾಟುವಾಗ ಕೊಡಬೇಕಾದ ಸುಂಕ. 2024ರಲ್ಲಿ ಅಮೇರಿಕೆಯು ಚೀನದಿಂದ ಸುಮಾರು 43,900 ಕೋಟಿ ಡಾಲರ್ ಬೆಲೆಯ ಮಾಲನ್ನು ತರಿಸಿಕೊಂಡಿತ್ತು. ಚೀನಕ್ಕೆ ಕಳಿಸಿದ್ದು ಸುಮಾರು 14,300 ಕೋಟಿ ಡಾಲರಿನದು. ಈ ಅಂತರವು ಅಮೇರಿಕೆಯ ರಾಜಕಾರಣದಲ್ಲಿ ಬಹು ದಿನಗಳಿಂದ ಹುಣ್ಣಾಗಿ ನೋಯುತ್ತಿತ್ತು.

2025ರ ಫೆಬ್ರುವರಿ 4ರಿಂದ ಅಧ್ಯಕ್ಷ ಡೊನಾಲ್ಡ್ ಟ್ರಂಪರು ಚೀನದ ಮಾಲಿನ ಮೇಲೆ ಶೇಕಡಾ 10ರ ಹೆಚ್ಚುವರಿ ಜಕಾತಿಯನ್ನು ಜಾರಿಗೆ ತಂದರು. ಫೆಂಟನಿಲ್ ಎಂಬ ಮಾರಕ ಮಾದಕ ದ್ರವ್ಯದ ಕಚ್ಚಾ ಪದಾರ್ಥಗಳು ಚೀನದಿಂದ ಬರುತ್ತಿರುವವೆಂಬದು ಅವರು ಕೊಟ್ಟ ಕಾರಣ. ಮಾರ್ಚ್ 4ರಂದು ಆ 10ನ್ನು 20 ಮಾಡಿದರು. ಏಪ್ರಿಲ್ 2ರಂದು, ಕೊಟ್ಟಿದ್ದಕ್ಕೆ ಕೊಡುವ ನ್ಯಾಯವೆಂದು ಹೇಳಿ, ಅದರ ಮೇಲೆ ಮತ್ತೆ 34ನ್ನು ಸಾರಿದರು. ಚೀನವೂ 34 ಎಂದಿತು. ಅಮೇರಿಕೆ ಅದನ್ನು 84 ಮಾಡಿತು. ಚೀನವೂ 84 ಮಾಡಿತು. ಅಮೇರಿಕೆ 125 ಎಂದಿತು. ಚೀನವೂ 125 ಎಂದಿತು. ಅಮೇರಿಕೆಯ ಕಡೆಯ ಹಿಂದಿನ 20 ಕೂಡಿ ಅದರ ಮೊತ್ತ 145 ಆಯಿತು. ಲಿಲಾವಿನ ಸವಾಲಿನಲ್ಲಿ ಹಟಕ್ಕೆ ಬಿದ್ದ ಇಬ್ಬರು ಮಾಲಿನ ಬೆಲೆಯನ್ನು ಮರೆತು ಒಬ್ಬರ ಮೋರೆಯನ್ನೊಬ್ಬರು ನೋಡಿ ಕೂಗುವಂತೆ, ಏಪ್ರಿಲ್ 2ರಿಂದ 12ರ ವರೆಗಿನ ಹತ್ತು ದಿನಗಳೊಳಗೆ ಈ ಸವಾಲು ನಡೆದುಹೋಯಿತು. ಆ ಮೇಲೆ ಚೀನವು, ಇನ್ನು ಅಮೇರಿಕೆ ಎಷ್ಟೇ ಏರಿಸಿದರೂ ತಾನು ಗಣನೆಗೆ ತಾರೆನೆಂದು ಸಾರಿತು. ಏಕೆಂದರೆ ಆ ದರದಲ್ಲಿ ಮಾಲು ಮಾರುವ ಮಾತೇ ಉಳಿದಿರಲಿಲ್ಲ.

ಈ ಜಕಾತಿಯನ್ನು ತೆರುವವರು ಯಾರು? ಚೀನದ ಸರಕಾರವೆಂದು ಅನೇಕರು ನಂಬಿದರು. ಹಾಗಲ್ಲ. ಅಮೇರಿಕೆಯ ಬಂದರದಲ್ಲಿ ಮಾಲು ಬಿಡಿಸಿಕೊಳ್ಳುವ ಅಮೇರಿಕೆಯ ವರ್ತಕನೇ ಹಣ ಎಣಿಸಬೇಕು. ಅದರಲ್ಲಿ ಕೆಲ ಭಾಗವನ್ನು ಅವನು ಚೀನದ ಕಾರಖಾನೆಯವನಿಂದ ಬೆಲೆ ಇಳಿಸಿಕೊಂಡು ಹಗುರ ಮಾಡಿಕೊಳ್ಳಬಹುದು. ಕೆಲ ಭಾಗವನ್ನು ತನ್ನ ಲಾಭದಲ್ಲಿ ಕಳೆದುಕೊಳ್ಳಬಹುದು. ಉಳಿದದ್ದನ್ನು ಗಿರಾಕಿಯ ತಲೆಯ ಮೇಲೆ ಹೊರಿಸುವನು. ನೂರು ಡಾಲರಿನ ಆಟಿಗೆಗಳನ್ನು ತರಿಸಿದ ಸಣ್ಣ ಅಂಗಡಿಯವನು 145 ಡಾಲರ್ ಜಕಾತಿ ಕಟ್ಟಬೇಕಾದರೆ, ಮಾಲಿಗಿಂತ ಸುಂಕವೇ ಭಾರವಾಯಿತು. ಅದು ಜಕಾತಿಯಲ್ಲ, ಹೆದ್ದಾರಿಗೆ ಅಡ್ಡವಾಗಿ ಕಟ್ಟಿದ ಗೋಡೆ. ಹಡಗುಗಳು ಬರಿದಾದವು, ಬೇಡಿಕೆಗಳು ರದ್ದಾದವು, ಚೀನದ ಕಾರಖಾನೆಗಳಲ್ಲಿ ಕೆಲಸ ನಿಂತಿತು. ಹೊಡೆದವನ ಕೈಗೂ ಹೊಡೆಸಿಕೊಂಡವನ ಬೆನ್ನಿಗೂ ಏಕಕಾಲಕ್ಕೆ ನೋವಾಯಿತು.

ಜಿನೀವದ ಒಪ್ಪಂದವನ್ನು ಓದುವ ಕ್ರಮ

ಇಂಥ ಸಮಯದಲ್ಲಿ ಮೇ 10, 11ರಂದು ಸ್ವಿತ್ಸರ್ಲಂಡದ ಜಿನೀವ ಪಟ್ಟಣದಲ್ಲಿ ಇಬ್ಬರೂ ಕೂಡಿದರು. ಅಮೇರಿಕೆಯ ಪರವಾಗಿ ಖಜಾನೆಯ ಮಂತ್ರಿ ಸ್ಕಾಟ್ ಬೆಸೆಂಟ್ ಹಾಗೂ ವ್ಯಾಪಾರ ಪ್ರತಿನಿಧಿ ಜೇಮೀಸನ್ ಗ್ರಿಯರ್, ಚೀನದ ಪರವಾಗಿ ಉಪಪ್ರಧಾನಿ ಹೇ ಲೀಫೆಂಗ್ ಇದ್ದರು. 12ರಂದು ಕೂಡು ಹೇಳಿಕೆ ಹೊರಟಿತು. ಮೇ 14ರಿಂದ ಅಮೇರಿಕೆಯ 145ರ ಜಕಾತಿ 30ಕ್ಕೂ, ಚೀನದ 125ರ ಜಕಾತಿ 10ಕ್ಕೂ ಇಳಿಯಿತು. ಪೇಟೆಗಳು ಕುಣಿದವು, ಷೇರುಗಳ ಬೆಲೆ ಏರಿತು. ಅಲ್ಲಿಯೂ ಪೇಢೆ ಹಂಚಿದವರಿದ್ದರೆಂದು ತಿಳಿಯಿರಿ.

ಆದರೆ ವಕೀಲನಾದವನು ಹುಕುಮಿನ ತಲೆಬರಹವನ್ನು ಓದಿ ಸುಮ್ಮನಾಗಬಾರದು, ಕಲಮುಗಳನ್ನು ಓದಬೇಕು. ಎರಡೂ ಕಡೆಯ 125ನ್ನು ಅವರು ಮೂರು ಪಾಲು ಮಾಡಿದರು. 91ನ್ನು ರದ್ದು ಮಾಡಿದರು. 24ನ್ನು 90 ದಿನಗಳ ಮಟ್ಟಿಗೆ ತಡೆದು ನಿಲ್ಲಿಸಿದರು. 10ನ್ನು ಉಳಿಸಿಕೊಂಡರು. ಕೂಡಿಸಿ ನೋಡಿರಿ, ಲೆಕ್ಕ ಸರಿಯಾಗುವದು. ಅಮೇರಿಕೆಯ ಕಡೆಯ ಫೆಂಟನಿಲಿನ 20 ಈ ಪಾಲಿಗೆ ಬರಲೇ ಇಲ್ಲ. ಅದು ಇದ್ದಲ್ಲಿಯೇ ಇತ್ತು. ಆದದ್ದರಿಂದಲೇ ಅವರದು 30, ಇವರದು 10. 2018, 2019ರಲ್ಲಿ ಹೇರಿದ್ದ ಹಳೆಯ ಜಕಾತಿಗಳು ಇವೆಲ್ಲಕ್ಕೂ ಹೊರಗಿನವು, ಅವೂ ಉಳಿದವು.

ಶಿಕ್ಷಕ ಬಂಧುಗಳೆ, ಯಾವ ಇಳಿತದ ಸುದ್ದಿಯನ್ನು ಓದಿದರೂ ಕೇಳಬೇಕಾದ ಮೂರು ಪ್ರಶ್ನೆಗಳು ಇಲ್ಲಿಯೇ ಇವೆ. ತೆಗೆದದ್ದೆಷ್ಟು? ತಡೆದದ್ದೆಷ್ಟು? ಉಳಿಸಿದ್ದೆಷ್ಟು? ತೆಗೆದದ್ದು ಬಹುಮಟ್ಟಿಗೆ ಹಟದಿಂದ ಏರಿಸಿದ ಭಾಗ. ಅದನ್ನು ತೆಗೆದುದರಲ್ಲಿ ಔದಾರ್ಯವೇನೂ ಇಲ್ಲ. ತಡೆದದ್ದು ಒರೆಯಲ್ಲಿಟ್ಟ ಕತ್ತಿ. ಅದರ ಹಿಡಿಕೆ ಕಾಣುತ್ತಲೇ ಇರುವದು. ಉಳಿಸಿದ್ದೇ ನಿಜವಾದ ಹೊಸ ಹೊರೆ. ಜನವರಿ ತಿಂಗಳಲ್ಲಿ ಯಾರಾದರೂ “ಚೀನದ ಮಾಲಿಗೆ ಹೊಸದಾಗಿ ಶೇಕಡಾ 30 ಜಕಾತಿ” ಎಂದಿದ್ದರೆ ಅಮೇರಿಕೆಯ ವರ್ತಕರು ಎದೆ ಬಡಿದುಕೊಳ್ಳುತ್ತಿದ್ದರು. ಮೇ ತಿಂಗಳಲ್ಲಿ ಅದೇ 30 ಬಂದಾಗ ನಿಟ್ಟುಸಿರುಗರೆದರು. ನಡುವೆ 145ನ್ನು ತೋರಿಸಿದ್ದರ ಫಲವಿದು. ನೂರು ಛಡಿಯ ಶಿಕ್ಷೆಯನ್ನು ಸಾರಿ ಇಪ್ಪತ್ತಕ್ಕೆ ಇಳಿಸಿದವನನ್ನು ದಯಾಳುವೆನ್ನುವ ಜನ, ಆ ಇಪ್ಪತ್ತಾದರೂ ಏಕೆಂದು ಕೇಳುವದನ್ನು ಮರೆಯುವರು.

ತೊಂಬತ್ತು ದಿನಗಳ ಬಾಳು

ಈಗ ಆ ಸಣ್ಣ ಅಂಗಡಿಯವನ ಕಡೆಗೆ ಬರೋಣ. ಅವನಿಗೆ 90 ದಿನ ಸಿಕ್ಕವು. ಮಾಲಿಗೆ ಹೇಳಿಕಳಿಸಬೇಕು, ಕಾರಖಾನೆಯವನು ಮಾಡಿಕೊಡಬೇಕು, ಬಂದರಕ್ಕೆ ಸಾಗಿಸಬೇಕು, ಪೆಸಿಫಿಕ್ ಮಹಾಸಾಗರವನ್ನು ದಾಟಲು ಹಡಗಿಗೆ ಎರಡು ಮೂರು ವಾರ ಬೇಕು, ಅಮೇರಿಕೆಯ ಪೂರ್ವದ ದಂಡೆಗೆ ಹೋಗುವದಿದ್ದರೆ ಇನ್ನೂ ಹೆಚ್ಚು. ತೊಂಬತ್ತು ದಿನಗಳಲ್ಲಿ ಇದೊಂದು ಸುತ್ತು ಮುಗಿದರೆ ಅವನ ಪುಣ್ಯ. ಆದ್ದರಿಂದ ಎಲ್ಲರೂ ಒಮ್ಮೆಲೇ ಹಡಗಿಗೆ ಮುಗಿಬಿದ್ದರು. ಶಾಂಘಾಯಿಯಿಂದ ಲಾಸ್ ಏಂಜಲೀಸಿಗೆ ಒಂದು ಕಂಟೇನರ್ ಸಾಗಿಸುವ ಬಾಡಿಗೆಯು ಮೇ ತಿಂಗಳ ಮೊದಲ ಭಾಗದಿಂದ ಜೂನಿನ ಮೊದಲ ವಾರದೊಳಗೆ ಇಮ್ಮಡಿಗಿಂತಲೂ ಹೆಚ್ಚಾಯಿತು. ಜಕಾತಿಯಲ್ಲಿ ಉಳಿದ ಹಣದಲ್ಲಿ ಒಂದಿಷ್ಟು ಹಡಗಿನವನ ಪಾಲಾಯಿತು.

ದೊಡ್ಡ ಕಂಪನಿಗಳಿಗೆ ಉಗ್ರಾಣಗಳುಂಟು, ಬ್ಯಾಂಕಿನ ಸಾಲವುಂಟು, ಬೇರೆ ದೇಶದಲ್ಲಿ ಕಾರಖಾನೆ ತೆರೆಯುವ ತಾಕತ್ತುಂಟು. ಅವು ಕಡಿಮೆ ಜಕಾತಿಯ ದಿನಗಳಲ್ಲಿ ಮಾಲು ತುಂಬಿಕೊಂಡು ಹೆಚ್ಚಿನ ಜಕಾತಿಯ ದಿನಗಳನ್ನು ದಾಟಬಲ್ಲವು. ಇವು ಯಾವವೂ ಇಲ್ಲದವನು ಮಾತ್ರ ತಾರೀಖಿನ ಆಧೀನ. ದಾರಿಯಲ್ಲಿರುವ ಅವನ ಮಾಲು ಬಂದರ ಮುಟ್ಟುವ ಹೊತ್ತಿಗೆ ಯಾವ ದರವಿರುವದೋ ಅವನು ಬಲ್ಲವನಲ್ಲ. ಮುಂದಿನ ವರುಷಕ್ಕೆ ಬೆಲೆ ಕಟ್ಟಲಾರ, ಆಳು ನೇಮಿಸಲಾರ, ಯಂತ್ರ ಕೊಳ್ಳಲಾರ. ಮಹನೀಯರೆ, ಅನಿಶ್ಚಯವೂ ಒಂದು ಜಕಾತಿಯೇ. ಅದನ್ನು ಯಾವ ಗಜೆಟ್ಟೂ ಅಚ್ಚು ಹಾಕುವದಿಲ್ಲ, ಯಾವ ಖಜಾನೆಗೂ ಅದು ಜಮೆಯಾಗುವದಿಲ್ಲ. ಆದರೂ ಬಡವನು ಅದನ್ನು ದಿನಾಲು ತೆರುತ್ತಿರುವನು.

ಇಬ್ಬರೂ ಬಾಗಿದ್ದೇಕೆ

ಇಷ್ಟು ಹಟಕ್ಕೆ ಬಿದ್ದವರು ಬಾಗಿದ್ದೇಕೆ? ಒಬ್ಬರಿಗೊಬ್ಬರ ಮೇಲೆ ದಯೆ ಹುಟ್ಟಿತೆಂದು ತಿಳಿಯಬಾರದು. ಒಬ್ಬನು ತನ್ನ ಬಾಗಿಲು ಮುಚ್ಚಿದರೆ ಇನ್ನೊಬ್ಬನು ತನ್ನ ಕಣಜ ಮುಚ್ಚಬಲ್ಲನೆಂಬದು ತಿಳಿಯಿತು.

ಅಮೇರಿಕೆಯ ಬಾಗಿಲೆಂದರೆ ಅದರ ಪೇಟೆ. ಅಷ್ಟು ಕೊಳ್ಳುವ ಜನ ಬೇರೆಡೆ ಇಲ್ಲ. ಚೀನದ ಕಣಜದಲ್ಲಿದ್ದದ್ದು ವಿರಳ ಲೋಹಗಳು. ಇವು 17 ಧಾತುಗಳ ಒಂದು ಗುಂಪು. ಮೋಟಾರು, ಗಾಳಿಯಂತ್ರ, ವಿಮಾನ, ಕ್ಷಿಪಣಿಗಳಲ್ಲಿ ಬಳಸುವ ಬಲವಾದ ಅಯಸ್ಕಾಂತಗಳಿಗೆ ಇವುಗಳಲ್ಲಿ ಕೆಲವು ಬೇಕೇ ಬೇಕು. ಜಗತ್ತಿನಲ್ಲಿ ಶುದ್ಧಿ ಮಾಡಿದ ವಿರಳ ಲೋಹಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಚೀನದಲ್ಲಿಯೇ ತಯಾರಾಗುವದು. 2025ರ ಏಪ್ರಿಲ್ 4ರಂದು ಚೀನವು ಇವುಗಳಲ್ಲಿ 7 ಧಾತುಗಳನ್ನು ಪರವಾನಿಗೆಯಿಲ್ಲದೆ ಹೊರಗೆ ಕಳಿಸಬಾರದೆಂದು ಕಟ್ಟು ಮಾಡಿತು. ಅಮೇರಿಕೆಯ ಮೋಟಾರು ಕಾರಖಾನೆಗಳು ಕೆಲವೇ ವಾರಗಳಲ್ಲಿ ಕಂಗಾಲಾದವು. ನಮ್ಮ ದೇಶದ ವಾಹನ ಕಾರಖಾನೆಗಳಿಗೂ ಆ ಬೇಸಿಗೆಯಲ್ಲಿ ಅಯಸ್ಕಾಂತಗಳ ಚಿಂತೆ ಹತ್ತಿತು. ಆನೆಗಳ ಕಾಳಗದಲ್ಲಿ ಹುಲ್ಲಿಗೆ ಆಗುವ ಗತಿಯದು.

ಇನ್ನೊಂದು, ಸೋಯಾಬೀನ್. ಅಮೇರಿಕೆಯ ರೈತರು ಪರದೇಶಗಳಿಗೆ ಮಾರುವ ಸೋಯಾಬೀನಿನಲ್ಲಿ ಸುಮಾರು ಅರ್ಧ ಪಾಲನ್ನು ಚೀನವೇ ಕೊಳ್ಳುತ್ತಿತ್ತು. ಜಗಳ ಬಲಿತ ಮೇಲೆ ಅದು ಬ್ರಾಝಿಲ್, ಅರ್ಜೆಂಟೀನಗಳ ಕಡೆಗೆ ತಿರುಗಿತು. 2025ರ ಸೆಪ್ಟೆಂಬರದಲ್ಲಿ ಅಮೇರಿಕೆಯಿಂದ ಚೀನಕ್ಕೆ ಬಂದ ಸೋಯಾಬೀನ್ ಸೊನ್ನೆ. ಸುಗ್ಗಿಯ ಕಾಳು ಕಣದಲ್ಲಿ ಬಿದ್ದಿತ್ತು, ಕೊಳ್ಳುವವನಿರಲಿಲ್ಲ. ಅಯೋವಾ, ಇಲಿನಾಯ್ ಪ್ರಾಂತಗಳ ಆ ರೈತನು ಯಾರೊಡನೆಯೂ ಜಗಳವಾಡಿರಲಿಲ್ಲ. ಕಣದಲ್ಲಿ ಕಾಳು ಹಾಕಿಕೊಂಡು ದಾರಿ ಕಾಯುವದೆಂದರೇನೆಂಬದನ್ನು ನಮ್ಮ ಜಿಲ್ಲೆಗಳ ಉಳ್ಳಾಗಡ್ಡಿಯ ರೈತನಿಗೆ ಬೇರೆ ಹೇಳಬೇಕಾಗಿಲ್ಲ.

ತಾರೀಖಿನ ಮೇಲೆ ತಾರೀಖು

ಜಿನೀವದ 90 ದಿನಗಳು ಆಗಸ್ಟ್ 12ಕ್ಕೆ ತೀರುವವಾಗಿದ್ದವು. ನಡುವೆ ಜೂನಿನಲ್ಲಿ ಲಂಡನ್, ಜುಲೈ ತಿಂಗಳ ಕೊನೆಗೆ ಸ್ಟಾಕ್‌ಹೋಮ್ ಪಟ್ಟಣಗಳಲ್ಲಿ ಬೈಠಕುಗಳಾದವು. ಆಗಸ್ಟ್ 11ರಂದು, ಅವಧಿ ತೀರಲು ಕೆಲವೇ ತಾಸುಗಳಿರುವಾಗ, ಟ್ರಂಪರು ಇನ್ನೂ 90 ದಿನಗಳ ಹುಕುಮಿಗೆ ಸಹಿ ಮಾಡಿದರು. ಹೊಸ ತಾರೀಖು ನವೆಂಬರ್ 10 ಆಯಿತು. ಕೋರ್ಟು ಏಳುವ ಹೊತ್ತಿಗೆ ತಹಕೂಬಿ ದೊರೆಯುವದು ವಕೀಲರಿಗೆ ಹೊಸದಲ್ಲ.

ಸೆಪ್ಟೆಂಬರದಲ್ಲಿ ಮಾದ್ರಿದದಲ್ಲಿ ಮತ್ತೆ ಮಾತಾಯಿತು. ಅಷ್ಟರಲ್ಲಿ ಅಕ್ಟೋಬರ್ 9ರಂದು ಚೀನವು ವಿರಳ ಲೋಹಗಳ ಕಟ್ಟನ್ನು ಇನ್ನಷ್ಟು ಬಿಗಿಮಾಡುವೆನೆಂದು ಸಾರಿತು. ಮರುದಿನವೇ ಟ್ರಂಪರು, ನವೆಂಬರ್ 1ರಿಂದ ಇನ್ನೂ ಶೇಕಡಾ 100 ಹೇರುವೆನೆಂದರು. ಐದು ತಿಂಗಳ ಶಾಂತಿ ಎರಡು ದಿನಗಳಲ್ಲಿ ಅಲುಗಾಡಿತು. ಕಡೆಗೆ ಅಕ್ಟೋಬರ್ 30ರಂದು ದಕ್ಷಿಣ ಕೊರಿಯದ ಬುಸಾನದಲ್ಲಿ ಟ್ರಂಪರೂ ಚೀನದ ಅಧ್ಯಕ್ಷ ಶೀ ಜಿನ್‌ಪಿಂಗರೂ ಮುಖಾಮುಖಿ ಕುಳಿತರು. ಫೆಂಟನಿಲಿನ 20ನ್ನು 10 ಮಾಡುವದೆಂದೂ, ತಡೆದಿಟ್ಟ ಆ 24ನ್ನು 2026ರ ನವೆಂಬರ್ 10ರ ವರೆಗೆ ತಡೆದೇ ಇಡುವದೆಂದೂ ಅಮೇರಿಕೆ ಒಪ್ಪಿತು. ಅಕ್ಟೋಬರದ ಹೊಸ ಕಟ್ಟನ್ನು ಒಂದು ವರುಷ ನಿಲ್ಲಿಸುವದಾಗಿ ಚೀನವು ಒಪ್ಪಿತು. ಸೋಯಾಬೀನನ್ನು ಆ ವರುಷದ ಕೊನೆಯ ಎರಡು ತಿಂಗಳಲ್ಲಿ 1 ಕೋಟಿ 20 ಲಕ್ಷ ಟನ್ನು, ಮುಂದಿನ ಮೂರು ವರುಷ ವರುಷಕ್ಕೆ 2 ಕೋಟಿ 50 ಲಕ್ಷ ಟನ್ನು ಚೀನವು ಕೊಳ್ಳುವದೆಂದು ಅಮೇರಿಕೆಯ ಸರಕಾರವು ಪ್ರಕಟಿಸಿತು.

ಇದು ಮೊದಲನೆಯ ತಹಕೂಬಿಯೂ ಅಲ್ಲ. 2018ರ ಡಿಸೆಂಬರ್ 1ರಂದು ಬ್ಯೂನೋಸ್ ಐರಿಸದಲ್ಲಿ ಇವರಿಬ್ಬರೇ ಕುಳಿತು 90 ದಿನಗಳ ತಡೆಗೆ ಒಪ್ಪಿದ್ದರು. ಆಗ ಚೀನವು ಅಮೇರಿಕೆಯ ಕಾರುಗಳ ಮೇಲಿನ ಹೆಚ್ಚುವರಿ ಜಕಾತಿಯನ್ನು ಮೂರು ತಿಂಗಳು ನಿಲ್ಲಿಸಿ 40ರಿಂದ 15ಕ್ಕೆ ಇಳಿಸಿತ್ತು. ಆದರೂ ಮಾತು ಮುರಿದು, 2019ರ ಮೇ 10ರಂದು ಅಮೇರಿಕೆಯು 20,000 ಕೋಟಿ ಡಾಲರಿನ ಮಾಲಿನ ಮೇಲಿನ ಜಕಾತಿಯನ್ನು 10ರಿಂದ 25ಕ್ಕೆ ಏರಿಸಿತು. 2020ರ ಜನವರಿ 15ರಂದು ಮೊದಲ ಹಂತದ ಒಪ್ಪಂದವೆಂಬದಾಯಿತು; ಎರಡು ವರುಷಗಳಲ್ಲಿ 20,000 ಕೋಟಿ ಡಾಲರಿನ ಹೆಚ್ಚಿನ ಮಾಲು ಕೊಳ್ಳುವೆನೆಂದು ಚೀನವು ವಚನ ಕೊಟ್ಟಿತು. ಆ ವಚನ ಪೂರ್ತಿಯಾಗಲಿಲ್ಲ. ಆ ಕಾಲದ ಜಕಾತಿಯಲ್ಲಿ ಬಹುಭಾಗ ಉಳಿದುಕೊಂಡಿತು. ತಾತ್ಕಾಲಿಕವೆಂದು ಬಂದ ಜಕಾತಿ ಮನೆಯ ಅಳಿಯನಂತೆ ನಿಂತುಬಿಟ್ಟಿತು; ತಾತ್ಕಾಲಿಕವೆಂದು ಬಂದ ಇಳಿತವು ಮಾತ್ರ ದಿನ ಎಣಿಸುತ್ತ ಕುಳಿತಿತು.

ದಯೆಯೋ, ಕಾಯಿದೆಯೋ

ಈಗ ನಾಲ್ಕನೆಯ ಪ್ರಶ್ನೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ. ಇಳಿಸುವ ಏರಿಸುವ ಅಧಿಕಾರ ಯಾರ ಕೈಯಲ್ಲಿದೆ?

ಇದೇ ಜಿನೀವ ಪಟ್ಟಣದಲ್ಲಿ 1947ರ ಅಕ್ಟೋಬರ್ 30ರಂದು 23 ರಾಷ್ಟ್ರಗಳು ಜಕಾತಿ ಹಾಗೂ ವ್ಯಾಪಾರಗಳ ಸಾಮಾನ್ಯ ಒಪ್ಪಂದಕ್ಕೆ ಸಹಿ ಮಾಡಿದವು. ಬುಸಾನದ ಭೆಟ್ಟಿಗೆ ಸರಿಯಾಗಿ 78 ವರುಷಗಳ ಹಿಂದಿನ ಮಾತು. ಅಮೇರಿಕೆ ಅದರಲ್ಲಿತ್ತು, ಅಂದಿನ ಚೀನ ಅದರಲ್ಲಿತ್ತು, ಸ್ವಾತಂತ್ರ್ಯ ಬಂದು ಮೂರು ತಿಂಗಳೂ ತುಂಬದಿದ್ದ ನಮ್ಮ ಭಾರತವೂ ಅದರಲ್ಲಿತ್ತು. 1930ರಲ್ಲಿ ಅಮೇರಿಕೆಯು ತನ್ನ ಜಕಾತಿಯನ್ನು ಬೇಕಾಬಿಟ್ಟಿ ಏರಿಸಿ, ಬೇರೆ ದೇಶಗಳೂ ಸೇಡಿಗೆ ಸೇಡು ಏರಿಸಿ, ಜಗತ್ತಿನ ವ್ಯಾಪಾರ ಕುಸಿದುದನ್ನು ಕಂಡವರು ಆ ಒಪ್ಪಂದವನ್ನು ಬರೆದರು. ಅದರ ತಿರುಳು ಎರಡು ಮಾತಿನದು: ಒಮ್ಮೆ ಒಪ್ಪಿದ ದರವನ್ನು ಮನಬಂದಂತೆ ಮೀರಬಾರದು, ಒಬ್ಬನಿಗೆ ಕೊಟ್ಟ ರಿಯಾಯತಿಯನ್ನು ಉಳಿದವರಿಗೂ ಕೊಡಬೇಕು. ಅದರಲ್ಲಿಯೂ ಕೊರತೆಗಳಿದ್ದವು, ಬಲ್ಲಿದರ ಕೈಮೇಲಾಗುವದು ಅಲ್ಲಿಯೂ ಇತ್ತು. ಆದರೂ ಅದು ಬಡ ರಾಷ್ಟ್ರಕ್ಕೆ ಒಂದು ಕಾಗದವನ್ನು ಕೊಟ್ಟಿತ್ತು. ಅದನ್ನು ತೋರಿಸಿ ಅದು ನ್ಯಾಯ ಕೇಳಬಹುದಾಗಿತ್ತು. ಈ 90 ದಿನಗಳ ಇಳಿತವು ಅಂಥ ಕಾಗದವಲ್ಲ. ಕೊಟ್ಟ ಕೈಯೇ ಅದನ್ನು ಕಸಿದುಕೊಳ್ಳಬಲ್ಲದು.

ಅಮೇರಿಕೆಯ ಒಳಗೂ ಈ ಪ್ರಶ್ನೆ ಎದ್ದಿತು. ಅವರ ರಾಜ್ಯಘಟನೆಯ ಪ್ರಕಾರ ಕರ ಹೇರುವ ಅಧಿಕಾರ ಕಾಂಗ್ರೆಸ್ ಎಂಬ ಅವರ ಶಾಸನಸಭೆಯದು. ಟ್ರಂಪರು 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯಿದೆಯನ್ನು ಆಧಾರವಾಗಿ ಹಿಡಿದಿದ್ದರು. ಆ ಕಾಯಿದೆಯಲ್ಲಿ ಜಕಾತಿಯೆಂಬ ಶಬ್ದವೇ ಇಲ್ಲ. ಸಣ್ಣ ವ್ಯಾಪಾರಸ್ಥರು ಕೋರ್ಟಿಗೆ ಹೋದರು. ಜಿನೀವದ ಹೇಳಿಕೆ ಹೊರಟು ಹದಿನಾರು ದಿನಗಳಾಗುವಷ್ಟರಲ್ಲಿ, 2025ರ ಮೇ 28ರಂದು, ಅಂತರರಾಷ್ಟ್ರೀಯ ವ್ಯಾಪಾರದ ನ್ಯಾಯಾಲಯವು ಈ ಜಕಾತಿಗಳು ಅಧಿಕಾರ ಮೀರಿದವೆಂದು ತೀರ್ಪಿತ್ತಿತು. ಆಗಸ್ಟ್ 29ರಂದು ಮೇಲಿನ ನ್ಯಾಯಾಲಯವು ಅದನ್ನು ಎತ್ತಿ ಹಿಡಿಯಿತು. 2026ರ ಫೆಬ್ರುವರಿ 20ರಂದು ಸರ್ವೋಚ್ಚ ನ್ಯಾಯಾಲಯವೂ ಆ ಕಾಯಿದೆಯು ಜಕಾತಿ ಹೇರುವ ಅಧಿಕಾರವನ್ನು ಕೊಡುವದಿಲ್ಲವೆಂದು ನಿರ್ಣಯಿಸಿತು. ನನ್ನ ಕಸುಬಿನ ಅಭಿಮಾನದಿಂದ ಹೇಳುವೆನೆಂದು ತಿಳಿಯಬೇಡಿರಿ. ಮಹಾರಾಷ್ಟ್ರಗಳ ಮುಖಂಡರು ವರುಷಗಟ್ಟಲೆ ತಾರೀಖು ಕೊಟ್ಟು ತಾರೀಖು ತೆಗೆದುಕೊಳ್ಳುತ್ತಿರುವಾಗ, ಅಂಗಡಿಕಾರರು ಕಾಯಿದೆಯ ಪುಸ್ತಕವನ್ನು ತೆರೆದು “ಇದು ನಿಮಗೆಲ್ಲಿಂದ ಬಂದಿತು?” ಎಂದು ಕೇಳಿದರು. ದಯೆಯನ್ನು ಕಾಯುವದಕ್ಕೂ ಕಾಯಿದೆಯನ್ನು ಕೇಳುವದಕ್ಕೂ ಇರುವ ಅಂತರವನ್ನು ಇದು ತೋರಿಸುವದು.

ನಮಗೇನು

ಆ ಇಬ್ಬರ ಜಗಳದಲ್ಲಿ ನಮಗೇನು ಸಂಬಂಧವೆಂದು ಕೇಳಬಹುದು. ಒಂದು ಉದಾಹರಣೆ ಸಾಕು. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಕಂಪನಿಯ ಕಾರಖಾನೆಯಲ್ಲಿ ಆ್ಯಪಲ್ ಕಂಪನಿಯ ಫೋನುಗಳು ತಯಾರಾಗುವವು. 2025ರ ಏಪ್ರಿಲದಲ್ಲಿ ಅಮೇರಿಕೆಯು ಫೋನುಗಳನ್ನು ಹೊಸ 125ರಿಂದ ಬಿಟ್ಟುಕೊಟ್ಟಿತು. ಆದರೆ ಚೀನದಿಂದ ಬಂದ ಫೋನಿಗೆ ಫೆಂಟನಿಲಿನ 20 ಇದ್ದೇ ಇತ್ತು, ಭಾರತದಿಂದ ಹೋದ ಫೋನಿಗೆ ಅದು ಇರಲಿಲ್ಲ. ಈ 20ರ ಅಂತರವು ನಮ್ಮ ಕಡೆಗೆ ಕೆಲಸವನ್ನು ಎಳೆದ ಕಾರಣಗಳಲ್ಲಿ ಒಂದು. ನವೆಂಬರ್ 10ರಂದು ಬುಸಾನದ ಮಾತಿನಂತೆ 20 ಹೋಗಿ 10 ಆಯಿತು. ನಮ್ಮ ಅನುಕೂಲವೂ ಅರ್ಧವಾಯಿತು. ನಾವು ಆ ಬೈಠಕಿನಲ್ಲಿ ಇರಲಿಲ್ಲ. ನಮ್ಮನ್ನು ಯಾರೂ ಕೇಳಲಿಲ್ಲ. ಎರಡು ಮನೆಗಳ ಜಗಳದಿಂದ ಹುಟ್ಟಿದ ಲಾಭವು ಅವುಗಳ ರಾಜಿಯಿಂದ ಕರಗುವದು. ಕೈಯ ಕುಶಲತೆಯಿಂದ, ಮಾಲಿನ ಗುಣದಿಂದ ಗಳಿಸಿದ ಲಾಭವು ಹಾಗೆ ಕರಗುವದಿಲ್ಲ. 2025ರ ಆಗಸ್ಟಿನಲ್ಲಿ ಭಾರತದ ಬಹಳಷ್ಟು ಮಾಲಿನ ಮೇಲೆಯೇ ಅಮೇರಿಕೆಯು ಶೇಕಡಾ 50 ಹೇರಿದಾಗ, ಚೀನಕ್ಕಿದ್ದಂತೆ ಮುಚ್ಚಿ ತೋರಿಸುವ ಕಣಜ ನಮಗಿರಲಿಲ್ಲವೆಂಬದೂ ತಿಳಿಯಿತು.

ಇಳಿತವೆಂಬ ಶಬ್ದವು ನಮ್ಮ ಹಿರಿಯರನ್ನೂ ಮೋಸಗೊಳಿಸಲು ಬಂದದ್ದುಂಟು. 1896ರಲ್ಲಿ ಲ್ಯಾಂಕಶಾಯರದ ಗಿರಣಿ ಮಾಲಕರ ಒತ್ತಾಯದಿಂದ ಬ್ರಿಟಿಷ್ ಸರಕಾರವು ಹಿಂದುಸ್ತಾನಕ್ಕೆ ಬರುವ ಪರದೇಶೀ ಬಟ್ಟೆಯ ಜಕಾತಿಯನ್ನು 5ರಿಂದ 3½ಕ್ಕೆ ಇಳಿಸಿತು. ಅದರೊಡನೆ ನಮ್ಮ ಗಿರಣಿಗಳ ಬಟ್ಟೆಯ ಮೇಲೂ ಅಷ್ಟೇ 3½ ಸುಂಕವನ್ನು ಹೇರಿತು. ಆ ಸುಂಕ ತೊಲಗಲು 1926ರ ವರೆಗೆ, ಮೂವತ್ತು ವರುಷ, ಹೋರಾಡಬೇಕಾಯಿತು. ಆದದ್ದರಿಂದ “ಇಳಿಯಿತು” ಎಂಬ ಸುದ್ದಿ ಬಂದಾಗ ಯಾರಿಗಾಗಿ ಇಳಿಯಿತು, ಎಷ್ಟು ದಿನಕ್ಕೆ ಇಳಿಯಿತು, ಯಾರ ಮಾತಿನಿಂದ ಇಳಿಯಿತು ಎಂದು ಕೇಳುವ ಅಭ್ಯಾಸವು ನಮ್ಮ ರಕ್ತದಲ್ಲಿರಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ತಾತ್ಕಾಲಿಕ ಇಳಿತವು ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ. ತಡೆಯಾಜ್ಞೆ ತರದ ವಕೀಲನು ವಕೀಲನೇ ಅಲ್ಲ. ಬೆಂಕಿ ಹತ್ತಿದಾಗ ಮೊದಲು ನೀರು ಹಾಕಬೇಕು. ಜಿನೀವದ 90 ದಿನಗಳು ಎಷ್ಟೋ ಅಂಗಡಿಗಳ ಬಾಗಿಲು ಮುಚ್ಚದಂತೆ, ಎಷ್ಟೋ ಕಾರಖಾನೆಗಳ ಕೂಲಿಕಾರರು ಬೀದಿಗೆ ಬೀಳದಂತೆ ಕಾದವು. ಆದರೆ ತಾರೀಖಿನ ಬೆಲೆ ಇರುವದು ಅದರೊಳಗೆ ಮಾಡುವ ಕೆಲಸದಲ್ಲಿ. ಚೀನವು ಆ ದಿನಗಳಲ್ಲಿ ಬೇರೆ ಪೇಟೆಗಳನ್ನು ಹುಡುಕಿಕೊಂಡಿತು. ಅಮೇರಿಕೆಯು ವಿರಳ ಲೋಹಗಳಿಗೆ ಬೇರೆ ನೆಲೆಗಳನ್ನು ಹುಡುಕಲು ಹೊರಟಿತು. ಇಬ್ಬರೂ ರಾಜಿಗಿಂತ ಮುಂದಿನ ಜಗಳಕ್ಕೇ ಹೆಚ್ಚು ಸಿದ್ಧರಾದರೆಂದರೆ ತಪ್ಪಾಗಲಾರದು. ನಡುವೆ ನಿಂತ ನಮ್ಮಂಥವರು ಅದೇ ದಿನಗಳಲ್ಲಿ ಏನು ಸಿದ್ಧ ಮಾಡಿಕೊಂಡೆವೆಂಬದೇ ನಮ್ಮ ಪ್ರಶ್ನೆ.

ಆ ಹಿರಿಯ ರೈತರ ಮಾತು ಹೇಳಿ ಮುಗಿಸುವೆನು. ಮೂರು ತಿಂಗಳಲ್ಲಿ ಸಾಹುಕಾರನೊಡನೆ ಕುಳಿತು ಕಂತು ಗೊತ್ತುಮಾಡಿಕೊಳ್ಳಬಹುದಾಗಿತ್ತು; ಸುಗ್ಗಿಯ ಕಾಳು ಮಾರಿ ಅರ್ಧ ಸಾಲ ತೀರಿಸಬಹುದಾಗಿತ್ತು. ಅವರು ನಿಶ್ಚಿಂತರಾಗಿ ಮಗಳ ಲಗ್ನ ಮಾಡಿದರು. ತಾರೀಖು ಬಂದಿತು, ಹೊಲ ಹೋಯಿತು. ಕೋರ್ಟಿನ ಹೊರಗೆ ಅವರು ನನ್ನನ್ನು ಬೈಯಲಿಲ್ಲ. “ನೀವು ಅವತ್ತ ಹೇಳಿದ್ರಿ, ನಾ ಕೇಳಲಿಲ್ಲ,” ಎಂದಷ್ಟೇ ಅಂದರು. ನಾನು ಹೇಳಿದ್ದು ನಿಜ. ಆದರೆ ಒಂದೇ ಸಾರೆ ಹೇಳಿ, ಅವರು ಕೊಟ್ಟ ಪೇಢೆಯನ್ನು ತಿಂದು ಸುಮ್ಮನಾಗಿದ್ದೆನು. ಎರಡನೆಯ ಸಾರೆ, ಮೂರನೆಯ ಸಾರೆ ಅವರ ಊರಿಗೆ ಹೋಗಿಯಾದರೂ ಹೇಳಬೇಕಾಗಿತ್ತೆಂಬದು ಇಂದಿಗೂ ನನ್ನನ್ನು ಚುಚ್ಚುವದು.

ಶಿಕ್ಷಕ ಬಂಧುಗಳೆ, ಎರಡನೆಯ ಸಾರೆ ಹೇಳುವ ಕೆಲಸ ನಿಮ್ಮದು. ವರ್ತಮಾನಪತ್ರದಲ್ಲಿ ಜಕಾತಿ ಇಳಿದ ಸುದ್ದಿ ಬಂದ ದಿನ ಕರಿಹಲಿಗೆಯ ಮೇಲೆ ಆ ನಾಲ್ಕು ಪ್ರಶ್ನೆಗಳನ್ನು ಬರೆಯಿರಿ: ತೆಗೆದದ್ದೆಷ್ಟು, ತಡೆದದ್ದೆಷ್ಟು, ಉಳಿಸಿದ್ದೆಷ್ಟು, ಅಧಿಕಾರ ಯಾರ ಕೈಯಲ್ಲಿ. ಹುಡುಗರು ಲೆಕ್ಕ ಮಾಡಲಿ. ಲೆಕ್ಕ ಬಲ್ಲ ಜನರನ್ನು ಪೇಢೆಯಿಂದ ಮರುಳುಮಾಡಲು ಬಾರದು.